ನಳ್ಳಿಯ ನೀರು ಹಿಂದಕ್ಕೂ ಹರಿಯುತ್ತದೆ

ಮುಂಬಯಿಗೆ ಬಂದು ನೆಲೆಸಿದ ನಮ್ಮವರು ಮೊದಲು ಕಲಿಯುವುದು ಲೋಕಲ್ ಗಾಡಿಯ ವೇಳೆಯನ್ನು, ಆಮೇಲೆ ನೀರಿನ ವೇಳೆಯನ್ನು. ಮಾಟುಂಗದವರ ವೇಳೆ ಬೇರೆ, ಘಾಟ್ಕೋಪರದವರ ವೇಳೆ ಬೇರೆ, ಬೊರಿವಲಿಯವರ ವೇಳೆ ಬೇರೆ. ಊರಿನಿಂದ ಬಂದ ಅತ್ತೆ ಮಾವಂದಿರಿಗೂ ಮೊದಲ ದಿನವೇ ಅದನ್ನು ಹೇಳಿಕೊಡುತ್ತೇವೆ. ಆದರೆ ನೀರು ಬರುವ ಹೊತ್ತಿನ ಬಗ್ಗೆ ಇಷ್ಟು ಎಚ್ಚರದಿಂದಿರುವ ನಾವು, ನೀರು ನಿಂತ ಮೇಲೆ ಆ ಕೊಳವೆಯೊಳಗೆ ಏನಾಗುತ್ತದೆ ಎಂದು ಎಂದಾದರೂ ಕೇಳಿದ್ದೇವೆಯೇ? ಇಲ್ಲ. ಕೊಳವೆ ಒಂದೇ ದಿಕ್ಕಿನ ದಾರಿ ಎಂದು ನಂಬಿದ್ದೇವೆ. ಈ ನಂಬಿಕೆ ತಪ್ಪು, ಮತ್ತು ಈ ತಪ್ಪಿಗೆ ದಂಡ ತೆರುವವರು ನಮ್ಮ ಮಕ್ಕಳು ಎಂದು ಹೇಳುವುದಕ್ಕಾಗಿಯೇ ಈ ಲೇಖನ.

ನಮಗೆ ಬರುವ ನೀರು ಸಾಮಾನ್ಯವಾದುದಲ್ಲ. ೧೮೬೦ರಲ್ಲಿ ವಿಹಾರ ಕೆರೆಯಿಂದ ಮುಂಬಯಿಗೆ ಕೊಳವೆಯ ನೀರು ಬಂದಿತು. ಅನಂತರ ತುಳಸಿ, ೧೮೯೨ರಲ್ಲಿ ತಾನಸಾ, ಸ್ವಾತಂತ್ರ್ಯ ಬಂದ ಮೇಲೆ ಮೋಡಕ್ ಸಾಗರ, ಮೇಲಣ ವೈತರಣಾ, ಭಾತ್ಸಾ, ಕೊನೆಗೆ ೨೦೧೪ರಲ್ಲಿ ಮಧ್ಯ ವೈತರಣಾ, ಹೀಗೆ ಏಳು ಜಲಾಶಯಗಳು. ದಿನವೊಂದಕ್ಕೆ ಸುಮಾರು ೩೮೫ ಕೋಟಿ ಲೀಟರು. ಭಾಂಡುಪ್ ಮತ್ತು ಪಾಂಜ್ರಾಪುರಗಳಲ್ಲಿ ಸೋಸಿ, ಕ್ಲೋರಿನ್ ಹಾಕಿ, ನೂರಾರು ಕಿಲೋಮೀಟರು ಉದ್ದದ ಕೊಳವೆಗಳಲ್ಲಿ ಹರಿಸಿ ನಮ್ಮ ಕಟ್ಟಡದ ಬಾಗಿಲಿಗೆ ತಂದು ಬಿಡುತ್ತಾರೆ. ಅಲ್ಲಿಯ ತನಕದ ಕೆಲಸವನ್ನು ನಾನು ಹಳಿಯುವುದಿಲ್ಲ. ಇಷ್ಟೆಲ್ಲ ಮಾಡಿ ತಂದ ನೀರು ಕೊನೆಯ ಐವತ್ತು ಅಡಿಗಳಲ್ಲಿ ಕೆಡುತ್ತದೆಯಲ್ಲ, ನನ್ನ ತಕರಾರು ಇರುವುದು ಅದರ ಬಗ್ಗೆ.

ಕೆಡುವುದು ಹೇಗೆ? ಇದಕ್ಕೆ ದೊಡ್ಡ ವಿಜ್ಞಾನ ಬೇಕಾಗಿಲ್ಲ. ಸೀಮೆ ಎಣ್ಣೆಯ ಡ್ರಮ್ಮಿಗೆ ರಬ್ಬರಿನ ನಳಿಕೆ ಇಳಿಬಿಟ್ಟು, ಒಮ್ಮೆ ಬಾಯಿಯಿಂದ ಎಳೆದು, ಇನ್ನೊಂದು ತುದಿಯನ್ನು ಕೆಳಗಿನ ಡಬ್ಬಿಯಲ್ಲಿ ಇಟ್ಟರೆ ಎಣ್ಣೆ ತಾನಾಗಿಯೇ ಹರಿಯುವುದನ್ನು ನಾವೆಲ್ಲ ನೋಡಿದ್ದೇವೆ. ನಳ್ಳಿಯ ನೀರಿಗೂ ಅದೇ ನಿಯಮ. ರಸ್ತೆಯ ದೊಡ್ಡ ಕೊಳವೆಯಲ್ಲಿ ಒತ್ತಡ ಇರುವ ತನಕ ನೀರು ನಮ್ಮ ಕಡೆಗೆ ನುಗ್ಗುತ್ತದೆ. ಹೊತ್ತು ಮುಗಿದು ವಾಲ್ವು ಮುಚ್ಚಿದ ಕೂಡಲೇ ಕೊಳವೆ ಬರಿದಾಗತೊಡಗುತ್ತದೆ. ತಗ್ಗಿನಲ್ಲಿರುವವರು ಉಳಿದ ನೀರನ್ನು ಬಿಟ್ಟುಕೊಂಡರೆ ಎತ್ತರದಲ್ಲಿರುವವರ ಕೊಳವೆಯಲ್ಲಿ ಎಳೆತ ಹುಟ್ಟುತ್ತದೆ. ವಾಯುಮಂಡಲದ ಒತ್ತಡ ಸುಮಾರು ಹತ್ತು ಮೀಟರು ಎತ್ತರದ ನೀರಿನ ಕಂಬವನ್ನು ಎತ್ತಿ ನಿಲ್ಲಿಸಬಲ್ಲದು ಎಂದು ಶಾಲೆಯಲ್ಲಿ ಓದಿದ್ದೇವೆ. ಅಂದಮೇಲೆ ಆ ಎಳೆತಕ್ಕೆ ಎಷ್ಟು ಬಲವಿರಬಹುದೆಂದು ಲೆಕ್ಕ ಹಾಕಿರಿ. ನಿಮ್ಮ ನೆಲದೊಳಗಿನ ಟಾಂಕಿಯಲ್ಲಿ ಪಾಲಿಕೆಯ ಕೊಳವೆಯ ಬಾಯಿ ನೀರಿನಲ್ಲಿ ಮುಳುಗಿದ್ದರೆ ಟಾಂಕಿಯ ನೀರು ಹಿಂದಕ್ಕೆ ಹೋಗುತ್ತದೆ. ಬಟ್ಟೆ ಒಗೆಯುವ ಬಕೆಟ್ಟಿನಲ್ಲಿ ರಬ್ಬರು ಪೈಪು ಅದ್ದಿಟ್ಟು ನಳ್ಳಿ ತೆರೆದೇ ಬಿಟ್ಟಿದ್ದರೆ ಆ ಸಾಬೂನು ನೀರೂ ಹೋಗುತ್ತದೆ. ಹೋದದ್ದು ಮರುದಿನ ಯಾರಿಗೆ ಬರುತ್ತದೆ? ನಿಮಗೆ ಅಥವಾ ನಿಮ್ಮ ನೆರೆಯವರಿಗೆ. ನೀರು ಬಂದ ಮೊದಲ ಐದು ನಿಮಿಷ ಮಣ್ಣು ಬಣ್ಣದ, ವಾಸನೆಯ ನೀರು ಬರುವುದನ್ನು ನೋಡದ ಮುಂಬಯಿಗರಿದ್ದಾರೆಯೇ?

ಇದನ್ನು ತಡೆಯುವ ಉಪಾಯಗಳು ಲೋಕಕ್ಕೆ ಹೊಸವಲ್ಲ. ಎಲ್ಲಕ್ಕಿಂತ ಒಳ್ಳೆಯದು, ಖರ್ಚೇ ಇಲ್ಲದ್ದು, ಗಾಳಿಯ ಅಂತರ. ಅಂದರೆ ನೀರು ಸುರಿಯುವ ಕೊಳವೆಯ ಬಾಯಿ ಟಾಂಕಿಯ ನೀರು ತುಂಬಿ ಹೊರಚೆಲ್ಲುವ ಮಟ್ಟಕ್ಕಿಂತ ಮೇಲಿರಬೇಕು. ಆ ಅಂತರ ಕೊಳವೆಯ ಬಾಯಗಲದ ಎರಡರಷ್ಟಾದರೂ ಇರಬೇಕು. ಎರಡನೆಯದು ನಮ್ಮ ಪ್ಲಂಬರುಗಳು ‘ನಾನ್ ರಿಟರ್ನ್ ವಾಲ್ವು’ ಎನ್ನುವ ಕವಾಟ. ಅದು ನೀರನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಅಪಾಯ ಹೆಚ್ಚಿದ್ದಲ್ಲಿ ಒಂದರ ಹಿಂದೆ ಒಂದು ಎರಡು ಕವಾಟಗಳು. ಆಸ್ಪತ್ರೆ, ಕಾರಖಾನೆಗಳಂಥ ಕಡೆ ಎರಡರ ನಡುವೆ ಕೆಟ್ಟ ನೀರನ್ನು ಹೊರಗೆ ಚೆಲ್ಲಿಬಿಡುವ ಮೂರನೆಯ ಬಾಯಿಯುಳ್ಳ ಸಾಧನ.

ಆದರೆ ಕವಾಟ ಹಾಕಿದರೆ ಮುಗಿಯಿತೇ? ಅದರ ಸ್ಪ್ರಿಂಗು ಸಡಿಲಾಗುತ್ತದೆ, ರಬ್ಬರು ಗಟ್ಟಿಯಾಗುತ್ತದೆ, ಒಂದು ಮರಳಿನ ಕಣ ಸಿಕ್ಕಿಕೊಂಡರೂ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಹೊರಗಿನಿಂದ ನೋಡಿದರೆ ಒಳ್ಳೆಯ ಕವಾಟವೂ ಕೆಟ್ಟ ಕವಾಟವೂ ಒಂದೇ ರೀತಿ ಕಾಣುತ್ತವೆ. ಆದ್ದರಿಂದಲೇ ಅಮೆರಿಕದ ಹಲವು ನಗರಗಳಲ್ಲಿ ನೀರಿನ ಇಲಾಖೆ ಇಂಥ ಸಾಧನವಿರುವ ಪ್ರತಿ ಗ್ರಾಹಕನಿಗೂ ವರ್ಷಕ್ಕೊಮ್ಮೆ ನೋಟೀಸು ಕಳಿಸುತ್ತದೆ. ಪರವಾನಗಿ ಇರುವ ಪರೀಕ್ಷಕ ಬಂದು, ಒತ್ತಡದ ಮಾಪಕ ಜೋಡಿಸಿ, ಕವಾಟ ಕನಿಷ್ಠ ಒಂದು ಪೌಂಡ್ ಒತ್ತಡವನ್ನು ಹಿಡಿದು ನಿಲ್ಲುತ್ತದೆಯೇ ಎಂದು ನೋಡಿ, ವರದಿ ಕೊಡಬೇಕು. ವರದಿ ಬಾರದಿದ್ದರೆ ನೀರು ಬಂದ್. ಅಲ್ಲಿರುವ ನಮ್ಮ ಮಗನೋ ಅಳಿಯನೋ ಮನೆ ಮುಂದಿನ ಹುಲ್ಲಿಗೆ ನೀರು ಚಿಮ್ಮಿಸುವ ಕೊಳವೆ ಹಾಕಿಸಿಕೊಂಡಿದ್ದರೆ ಕೇಳಿ ನೋಡಿ, ಈ ನೋಟೀಸಿನ ಪರಿಚಯ ಅವರಿಗಿರಬಹುದು.

ಅವರಿಗೆ ಈ ಬುದ್ಧಿ ಸುಮ್ಮನೆ ಬಂದುದಲ್ಲ. ೧೯೩೩ರಲ್ಲಿ ಶಿಕಾಗೋ ನಗರದಲ್ಲಿ ಜಾಗತಿಕ ಪ್ರದರ್ಶನ ನಡೆದಾಗ ಎರಡು ಹೋಟೆಲುಗಳ ಕೊಳವೆಗಳಲ್ಲಿ ಹೊಲಸು ನೀರು ಕುಡಿಯುವ ನೀರಿಗೆ ಸೇರಿ ಆಮಶಂಕೆ ಹರಡಿತು. ೯೮ ಮಂದಿ ಸತ್ತರು. ೧೯೬೯ರಲ್ಲಿ ಮ್ಯಾಸಚೂಸೆಟ್ಸಿನ ಹೋಲಿ ಕ್ರಾಸ್ ಕಾಲೇಜಿನ ಫುಟ್‌ಬಾಲ್ ತಂಡದ ೯೭ ಮಂದಿಯಲ್ಲಿ ೯೦ ಮಂದಿಗೆ ಕಾಮಾಲೆಯ ಸೋಂಕು ತಗಲಿತು. ಕಾರಣ ಹುಡುಕಿದಾಗ ತಿಳಿದದ್ದೇನು? ಸಮೀಪದಲ್ಲಿ ಎಲ್ಲಿಯೋ ಬೆಂಕಿ ಬಿದ್ದು, ಅಗ್ನಿಶಾಮಕದವರು ನೀರೆಳೆದಾಗ ಕೊಳವೆಯ ಒತ್ತಡ ಕುಸಿಯಿತು. ಮೈದಾನದ ಅಂಚಿನ ಒಂದು ನಳ್ಳಿಯ ಗುಂಡಿಯಲ್ಲಿ ಕಾಮಾಲೆಯಾದ ಮಕ್ಕಳು ಆಡಿ ಹೊಲಸು ಮಾಡಿದ್ದ ನೀರು ಹಿಂದಕ್ಕೆ ಎಳೆಯಲ್ಪಟ್ಟು, ಆಟಗಾರರು ಕುಡಿಯುವ ನಳ್ಳಿಗೆ ಸೇರಿತು. ದಿನವಿಡೀ ತುಂಬು ಒತ್ತಡದಲ್ಲಿ ನೀರಿರುವ ದೇಶದಲ್ಲಿ, ಒಂದು ದಿನ, ಕೆಲವು ಹೊತ್ತು ಒತ್ತಡ ತಪ್ಪಿದ್ದಕ್ಕೆ ಈ ಗತಿ. ನಮ್ಮ ಊರಿನಲ್ಲಿ ಒತ್ತಡ ದಿನಾಲೂ ತಪ್ಪುತ್ತದೆ!

ಪರದೇಶದ ಮಾತು ಬೇಡವೆನ್ನುವವರಿಗೆ ಸ್ವದೇಶದ ಮಾತು ಹೇಳುತ್ತೇನೆ. ೧೯೫೫ರ ಕೊನೆಯಲ್ಲಿ ದಿಲ್ಲಿಯ ನಜಫ್‌ಗಡ ನಾಲೆಯ ಹೊಲಸು ಯಮುನೆಯಲ್ಲಿ ಹಿಂದೆ ಸರಿದು ವಜೀರಾಬಾದಿನ ನೀರೆತ್ತುವ ಸ್ಥಳಕ್ಕೆ ಸೇರಿತು. ಕ್ಲೋರಿನ್ ಹಾಕಿಯೇ ಇದ್ದರು. ಆದರೂ ಮುಂದಿನ ಕೆಲವೇ ವಾರಗಳಲ್ಲಿ ಕಾಮಾಲೆಯಾದವರು ಸುಮಾರು ೨೯,೦೦೦ ಮಂದಿ. ನಮ್ಮ ಕರ್ನಾಟಕದಲ್ಲಿಯೇ ೨೦೨೨ರಲ್ಲಿ ರಾಯಚೂರಿನಲ್ಲಿ, ೨೦೨೩ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಇವುಗಳಲ್ಲಿ ಪ್ರತಿಯೊಂದರ ಕಾರಣವೂ ಬೇರೆ ಬೇರೆ ಇರಬಹುದು. ಆದರೆ ಒಮ್ಮೆ ಶುದ್ಧ ಮಾಡಿದರೆ ನೀರು ಶುದ್ಧವಾಗಿಯೇ ಉಳಿಯುತ್ತದೆಂಬ ಭರವಸೆಗೆ ಇವು ಒಂದೂ ಎಡೆಗೊಡುವುದಿಲ್ಲ.

ಹೊತ್ತು ಹೊತ್ತಿಗೆ ಬಿಡುವ ನೀರಿನ ದೋಷವನ್ನು ಅಳೆದು ತೋರಿಸಿದ್ದು ಕೂಡ ನಮ್ಮ ಹುಬ್ಬಳ್ಳಿ–ಧಾರವಾಡದಲ್ಲಿಯೇ. ಅಲ್ಲಿ ಕೆಲವು ವಾರ್ಡುಗಳಿಗೆ ದಿನದ ೨೪ ಗಂಟೆಯೂ ನೀರು ಕೊಟ್ಟು, ಉಳಿದವಕ್ಕೆ ಹಿಂದಿನಂತೆ ಕೆಲವು ದಿನಗಳಿಗೊಮ್ಮೆ ಬಿಡುತ್ತಿದ್ದರು. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಕಡೆಯ ನಳ್ಳಿಗಳ ನೀರನ್ನು ಪರೀಕ್ಷಿಸಿ ೨೦೧೩ರಲ್ಲಿ ಪ್ರಕಟಿಸಿದರು. ಸತತ ನೀರು ಬರುವ ಕಡೆ ಮಲದ ಸೂಚಕವಾದ ಇ-ಕೋಲಿ ಕ್ರಿಮಿ ಕಂಡದ್ದು ೧೦೦ಕ್ಕೆ ಒಂದಕ್ಕಿಂತಲೂ ಕಡಿಮೆ ಮಾದರಿಗಳಲ್ಲಿ. ಬಿಟ್ಟು ಬಿಟ್ಟು ಬರುವ ಕಡೆ ೧೦೦ಕ್ಕೆ ಸುಮಾರು ೩೦ರಲ್ಲಿ. ಊರು ಅದೇ. ವ್ಯತ್ಯಾಸವೆಲ್ಲ ಕೊಳವೆ ಬರಿದಾಗುವುದರಲ್ಲಿ. ಮುಂಬಯಿಯಲ್ಲಿಯೂ ೨೦೧೪ರಲ್ಲಿ ಮುಲುಂದ ಮತ್ತು ಬಾಂದ್ರಾ ಪಶ್ಚಿಮಗಳಲ್ಲಿ ದಿನವಿಡೀ ನೀರು ಕೊಡುವ ಪ್ರಯೋಗಕ್ಕೆ ಪಾಲಿಕೆ ಕೈಹಾಕಿತು. ಊರಿನ ಹೆಚ್ಚಿನ ಭಾಗ ಇಂದಿಗೂ ಗಂಟೆಯ ಲೆಕ್ಕದ ನೀರನ್ನೇ ನಂಬಿಕೊಂಡಿದೆ.

ಈಗ ನಮ್ಮ ಕಡತಗಳನ್ನು ತೆರೆದು ನೋಡೋಣ. ಗುಮಾಸ್ತನಾದ ನನಗೆ ಕಡತದ ಭಾಷೆ ಸುಲಭ. ನಿಮ್ಮ ಸೊಸೈಟಿಯ ಲೆಕ್ಕಪತ್ರಕ್ಕೆ ವರ್ಷಕ್ಕೊಮ್ಮೆ ಆಡಿಟ್ ಇದೆ. ಲಿಫ್ಟಿಗೆ ತಪಾಸಣೆ ಇದೆ. ೨೦೦೬ರ ಮಹಾರಾಷ್ಟ್ರ ಅಗ್ನಿ ತಡೆ ಕಾಯಿದೆಯ ಪ್ರಕಾರ ಬೆಂಕಿ ಆರಿಸುವ ಸಾಧನಗಳು ಸುಸ್ಥಿತಿಯಲ್ಲಿವೆ ಎಂಬ ಪ್ರಮಾಣಪತ್ರ ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಕೊಡಬೇಕು. ಹಳೆಯ ಕಟ್ಟಡಕ್ಕೆ ಗಟ್ಟಿತನದ ಪರೀಕ್ಷೆ ಇದೆ. ಸೊಳ್ಳೆಗೂ ಇದೆ! ೧೯೧೧ರಲ್ಲಿ ಡಾಕ್ಟರ್ ಬೆಂಟ್ಲಿ ಎಂಬವರು ಮುಂಬಯಿಯ ಮಲೇರಿಯಕ್ಕೆ ಬಾವಿ, ಟಾಂಕಿಗಳೇ ಮೂಲವೆಂದು ತೋರಿಸಿಕೊಟ್ಟಂದಿನಿಂದ ಪಾಲಿಕೆ ಸೊಳ್ಳೆಯ ಬೆನ್ನು ಬಿಟ್ಟಿಲ್ಲ. ಕೀಟನಾಶಕ ಇಲಾಖೆಯ ಸಿಬ್ಬಂದಿ ಇಂದಿಗೂ ಏಣಿ ಹತ್ತಿ ಮಾಳಿಗೆಯ ಟಾಂಕಿಯ ಮುಚ್ಚಳ ಸರಿಯಾಗಿದೆಯೇ ಎಂದು ನೋಡುತ್ತಾರೆ, ಇಲ್ಲದಿದ್ದರೆ ನೋಟೀಸು ಕೊಡುತ್ತಾರೆ. ಒಳ್ಳೆಯದೇ. ಆದರೆ ಅದೇ ಟಾಂಕಿಯ ಕೊಳವೆಯ ಬಾಯಿ ನೀರಿನಲ್ಲಿ ಮುಳುಗಿದೆಯೇ, ಕೆಳಗೆ ಮೀಟರಿನ ಹತ್ತಿರದ ಕವಾಟ ಜೀವಂತವಾಗಿದೆಯೇ ಎಂದು ವರ್ಷಕ್ಕೊಮ್ಮೆ ಪರೀಕ್ಷಿಸಿ ಪತ್ರ ಬರೆದುಕೊಡುವ ಪದ್ಧತಿ ನಮ್ಮಲ್ಲಿಲ್ಲ. ಕುಡಿಯುವ ನೀರಿಗೂ ಬೇರೆ ನೀರಿಗೂ ಸಂಬಂಧ ಇರಕೂಡದು, ಗಾಳಿಯ ಅಂತರ ಇರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಕಟ್ಟುವಾಗ ಹೇಳಿದ ಮಾತು ಕಟ್ಟಿ ಮೂವತ್ತು ವರ್ಷವಾದ ಮೇಲೂ ಪಾಲಿತವಾಗುತ್ತಿದೆಯೇ ಎಂದು ನೋಡುವವರು ಯಾರು?

ಯಾರೂ ನೋಡದಿದ್ದರೆ ಏನಾಗುತ್ತದೆಂಬುದಕ್ಕೆ ಒಂದು ಉದಾಹರಣೆ. ಕೆಲವು ವರ್ಷಗಳ ಹಿಂದೆ ನಾನು ಬಾಡಿಗೆಗಿದ್ದ ಉಪನಗರದ ಒಂದು ಕಟ್ಟಡದಲ್ಲಿ ಪಾಯಿಖಾನೆಯ ಉಪಯೋಗಕ್ಕೆಂದು ಬೋರ್‌ವೆಲ್ ಇತ್ತು. ಅದರ ಟಾಂಕಿ ಬೇರೆ, ಕೊಳವೆ ಬೇರೆ. ಒಂದು ಬೇಸಿಗೆಯಲ್ಲಿ ಪಾಲಿಕೆಯ ನೀರು ಕಡಿತವಾದಾಗ ಕಮಿಟಿಯವರು ಪ್ಲಂಬರನಿಂದ ಒಂದು ತುಂಡು ಪೈಪು ಹಾಕಿಸಿ ಎರಡನ್ನೂ ಸೇರಿಸಿದರು, ನಡುವೆ ಒಂದು ಸಾದಾ ವಾಲ್ವು. ಮಳೆಗಾಲ ಬಂತು, ಕಡಿತ ಮುಗಿಯಿತು, ವಾಲ್ವು ಸೋರುತ್ತಲೇ ಇತ್ತು. ಆ ವರ್ಷ ಮೂರು ಮನೆಗಳಲ್ಲಿ ಮಕ್ಕಳಿಗೆ ಕಾಮಾಲೆ. ಕಮಿಟಿಯವರ ಉತ್ತರ ಒಂದೇ: “ಹೊರಗಿನ ಪಾನಿಪೂರಿ ತಿನ್ನಿಸಬೇಡಿ.” ಪಾಲಿಕೆಯ ನೀರು ಪೂರ್ತಿ ನಿಂತ ಒಂದು ದಿನ, ಮಾಳಿಗೆಯ ಟಾಂಕಿ ಖಾಲಿಯಾದ ಮೇಲೂ ಅಡಿಗೆಮನೆಯ ನಳ್ಳಿಯಲ್ಲಿ ನೀರು ಬರುತ್ತಲೇ ಇದ್ದುದನ್ನು ಕಂಡು ಎಲ್ಲರೂ ಸಂತೋಷಪಟ್ಟರು. ನೆರೆಮನೆಯ ಹಿರಿಯ ಗೃಹಿಣಿಯೊಬ್ಬರು ಮಾತ್ರ “ಈ ನೀರು ಎಲ್ಲಿಂದ ಬಂತು?” ಎಂದು ಕೇಳಿದರು. ಆ ಒಂದು ಪ್ರಶ್ನೆಯಿಂದ ತುಂಡು ಪೈಪು ಹೊರಬಿತ್ತು. ಮಕ್ಕಳ ಕಾಯಿಲೆಗೆ ಅದೇ ಕಾರಣವೆಂದು ನ್ಯಾಯಾಲಯದಲ್ಲಿ ಸಾಧಿಸಲು ನನ್ನಿಂದಾಗದು. ಆದರೆ ಪಾಯಿಖಾನೆಯ ನೀರೂ ಅಡಿಗೆಯ ನೀರೂ ತಿಂಗಳುಗಟ್ಟಲೆ ಕೈ ಕೈ ಹಿಡಿದುಕೊಂಡಿದ್ದವು ಎಂಬುದಕ್ಕೆ ಆ ಪೈಪೇ ಸಾಕ್ಷಿ. ವರ್ಷಕ್ಕೊಮ್ಮೆ ಅರ್ಧ ದಿನದ ತಪಾಸಣೆ ಇದ್ದಿದ್ದರೆ ಅದು ಮೊದಲೇ ಸಿಕ್ಕುತ್ತಿತ್ತು.

ಇನ್ನು ಪಂಪಿನ ವಿಷಯ. ಪಾಲಿಕೆಯ ಕೊಳವೆಗೆ ನೇರವಾಗಿ ಮೋಟಾರು ಜೋಡಿಸುವುದು ಕಾನೂನಿಗೆ ವಿರುದ್ಧವೆಂದು ಎಲ್ಲರಿಗೂ ಗೊತ್ತು. ಆದರೂ ಬೆಳಿಗ್ಗೆ ಎಷ್ಟು ಚಾಳುಗಳಲ್ಲಿ, ಎಷ್ಟು ಕಟ್ಟಡಗಳಲ್ಲಿ ಆ ಗುಂಯ್‌ಗುಟ್ಟುವ ಸದ್ದು ಕೇಳುತ್ತದೆ! ಇದನ್ನು ನೆರೆಯವರ ನೀರು ಕದಿಯುವ ಸಣ್ಣ ಪಾಪವೆಂದು ತಿಳಿದಿದ್ದೇವೆ. ಪಾಪ ಅಷ್ಟೇ ಅಲ್ಲ. ಮೋಟಾರು ಎಳೆದಾಗ ಕೊಳವೆಯಲ್ಲಿ ಒತ್ತಡ ಸೊನ್ನೆಗಿಂತ ಕೆಳಗಿಳಿದು, ಗಟಾರದೊಳಗಿಂದ ಹಾದುಬಂದ ಕೊಳವೆಯ ಪ್ರತಿಯೊಂದು ಬಿರುಕೂ ಗಟಾರದ ನೀರು ಕುಡಿಯುತ್ತದೆ. ನೆರೆಯವನ ಎರಡು ಕೊಡ ನೀರು ಕದ್ದವನು ತನ್ನ ಮನೆಗೇ ಗಟಾರವನ್ನು ಆಹ್ವಾನಿಸಿದ ಹಾಗಾಯಿತು.

ನನ್ನ ಮಾತಿಗೆ ಬರುವ ಆಕ್ಷೇಪಗಳು ನನಗೆ ಗೊತ್ತು. ಒಂದು: “ನಮ್ಮ ಮನೆಯಲ್ಲಿ ಫಿಲ್ಟರ್ ಇದೆ, ಕುದಿಸಿ ಕುಡಿಯುತ್ತೇವೆ.” ಸರಿ. ಆದರೆ ತರಕಾರಿ ಯಾವ ನೀರಿನಲ್ಲಿ ತೊಳೆಯುತ್ತೀರಿ? ಹಲ್ಲು ಯಾವುದರಲ್ಲಿ ಉಜ್ಜುತ್ತೀರಿ? ಕೆಲಸದ ಬಾಯಿ, ಕಾವಲುಗಾರ, ಕೆಳಗಿನ ನಳ್ಳಿಗೆ ಬಾಯಿಕೊಡುವ ಮಕ್ಕಳು, ಇವರ ಫಿಲ್ಟರ್ ಎಲ್ಲಿದೆ? ಎರಡು: “ಇದು ಪಾಲಿಕೆಯ ಕೆಲಸ.” ಮೀಟರಿನ ತನಕ ಪಾಲಿಕೆಯ ಕೆಲಸ, ಅಲ್ಲಿಂದೀಚೆಗೆ ನಮ್ಮದು. ಪಾಲಿಕೆಯೂ ತನ್ನ ಸೋರುವ ಕೊಳವೆಗಳನ್ನು ಬದಲಿಸಲಿ, ನಿಯಮ ಮಾಡಲಿ, ಪರೀಕ್ಷಕರಿಗೆ ಪರವಾನಗಿ ಕೊಡಲಿ. ಅದನ್ನು ಕೇಳುವ ಬಾಯಿ ನಮಗೆ ಬರುವುದು ನಮ್ಮ ಅಂಗಳ ಗುಡಿಸಿದ ಮೇಲೆ. ಮೂರು: “ಇನ್ನೊಂದು ಸರ್ಟಿಫಿಕೇಟ್ ಎಂದರೆ ಇನ್ನೊಂದು ಲಂಚದ ಬಾಗಿಲು.” ಈ ಆಕ್ಷೇಪವನ್ನು ನಾನು ಹಗುರಾಗಿ ತಳ್ಳಿಹಾಕಲಾರೆ. ಸ್ಥಳಕ್ಕೆ ಬಾರದೆ ಸಹಿ ಹಾಕುವವರು ಎಲ್ಲ ಇಲಾಖೆಗಳಲ್ಲಿಯೂ ಇದ್ದಾರೆ. ಅದಕ್ಕೆ ಮದ್ದು ತಪಾಸಣೆಯನ್ನು ಬಿಡುವುದಲ್ಲ. ಇಬ್ಬರು ಸದಸ್ಯರು ಎದುರು ನಿಂತು ನೋಡಿ, ಮಾಪಕದ ಅಂಕೆಯನ್ನು ಬರೆದು, ನೋಟೀಸ್ ಬೋರ್ಡಿಗೆ ಹಾಕುವುದು. ಸುಳ್ಳು ಸಹಿ ಕಪಾಟಿನಲ್ಲಿ ಬದುಕುತ್ತದೆ, ಗೋಡೆಯ ಮೇಲೆ ಬದುಕುವುದು ಕಷ್ಟ.

ಕವಾಟವೊಂದೇ ಸರ್ವರೋಗಕ್ಕೂ ಮದ್ದೆಂದು ನಾನು ಹೇಳುತ್ತಿಲ್ಲ. ರಸ್ತೆಯ ಕೊಳವೆಯೊಳಗೆ ಸೇರಿದ ಹೊಲಸನ್ನು ನಮ್ಮ ಕವಾಟ ತಡೆಯಲಾರದು. ನಮ್ಮ ಕಟ್ಟಡದ ಹೊಲಸು ರಸ್ತೆಗೆ ಹೋಗದಂತೆ ಅದು ತಡೆಯುತ್ತದೆ. ನಮ್ಮ ಕವಾಟದಿಂದ ನೆರೆಯವರಿಗೆ ರಕ್ಷಣೆ, ನೆರೆಯವರದರಿಂದ ನಮಗೆ. ಆದ್ದರಿಂದಲೇ ಇದು ಒಬ್ಬೊಬ್ಬರ ಇಚ್ಛೆಗೆ ಬಿಡುವ ವಿಷಯವಲ್ಲ, ಎಲ್ಲರಿಗೂ ಒಂದೇ ನಿಯಮ ಬೇಕು.

ನಿಯಮ ಬರುವ ತನಕ ಮಾಡಬಹುದಾದದ್ದು ಐದು. ಮೊದಲನೆಯದು, ನೆಲದೊಳಗಿನ ಟಾಂಕಿಯ ಮುಚ್ಚಳ ತೆಗೆಸಿ, ಟಾಂಕಿ ತುಂಬಿದಾಗ ಕೊಳವೆಯ ಬಾಯಿ ನೀರಿನ ಮೇಲೆ ಉಳಿಯುತ್ತದೆಯೇ, ಬಾಲ್‌ಕಾಕ್ ಸರಿಯಾಗಿ ಮುಚ್ಚುತ್ತದೆಯೇ, ಹೊರಚೆಲ್ಲುವ ಕೊಳವೆ ಗಟಾರಕ್ಕೆ ನೇರವಾಗಿ ಸೇರಿದೆಯೇ ಎಂದು ನೋಡುವುದು. ಎರಡನೆಯದು, ಮೀಟರಿನ ಬಳಿಯ ನಾನ್ ರಿಟರ್ನ್ ವಾಲ್ವನ್ನು ವರ್ಷಕ್ಕೊಮ್ಮೆ ಬಿಚ್ಚಿಸಿ, ತೊಳೆಸಿ, ರಬ್ಬರು ಬದಲಿಸುವುದು. ಅದು ಇಲ್ಲವೇ ಇಲ್ಲವಾದರೆ ಹಾಕಿಸಲು ಪಾಲಿಕೆಯ ವಾರ್ಡು ಆಫೀಸಿಗೆ ಬರೆಯುವುದು. ಮೂರನೆಯದು, ಬೋರ್‌ವೆಲ್ ಇರುವವರು ಮಾಳಿಗೆಯ ಕುಡಿಯುವ ನೀರಿನ ಟಾಂಕಿಯ ವಾಲ್ವು ಮುಚ್ಚಿ ಬೋರ್ ಪಂಪನ್ನು ಓಡಿಸಿ ಅಡಿಗೆಮನೆಯ ನಳ್ಳಿ ತೆರೆದು ನೋಡುವುದು. ಕೊಳವೆಯಲ್ಲಿ ಉಳಿದ ನೀರು ಇಳಿದುಹೋದ ಮೇಲೂ ನೀರು ಬಂದರೆ ಎಲ್ಲಿಯೋ ತುಂಡು ಪೈಪು ಇದೆ. ನಾಲ್ಕನೆಯದು, ನಳ್ಳಿಯ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಿಸುವುದು. ನಮ್ಮ ದೇಶದ ಮಾನದಂಡದ ಪ್ರಕಾರ ಲೀಟರಿಗೆ ೦.೨ ಮಿಲಿಗ್ರಾಮಾದರೂ ಇರಬೇಕು. ಬಣ್ಣ ನೋಡಿ ಹೇಳುವ ಚಿಕ್ಕ ಪೆಟ್ಟಿಗೆ ಅಂಗಡಿಯಲ್ಲಿ ಸಿಗುತ್ತದೆ, ಹತ್ತನೆಯ ತರಗತಿಯ ಹುಡುಗನೂ ಮಾಡಬಲ್ಲ. ಮೀಟರಿನ ಹತ್ತಿರ ಇದ್ದ ಕ್ಲೋರಿನ್ ಮಾಳಿಗೆಯ ಟಾಂಕಿಯಲ್ಲಿ ಮಾಯವಾಗಿದ್ದರೆ ಅದನ್ನು ತಿಂದದ್ದು ಯಾವುದೋ ಹೊಲಸು ಎಂದು ಅನುಮಾನಿಸಬೇಕು. ಐದನೆಯದು, ನೇರ ಮೋಟಾರನ್ನು ಕೀಳಿಸುವುದು. ಕಮಿಟಿಯ ಅಧ್ಯಕ್ಷರದ್ದೇ ಆಗಿದ್ದರೂ ಸರಿಯೇ.

ಹೋಟೆಲ್ ನಡೆಸುವ ನಮ್ಮ ಬಂಧುಗಳಿಗೂ ಒಂದು ಮಾತು. ಮುಂಬಯಿಯಲ್ಲಿ ಕನ್ನಡಿಗರಿಗೆ ಹೆಸರು ತಂದುಕೊಟ್ಟದ್ದು ಉಡುಪಿ ಹೋಟೆಲುಗಳ ಶುಚಿ. ಆದರೆ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಮುಳುಗಿರುವ ಒಂದು ರಬ್ಬರು ಪೈಪು ಆ ಹೆಸರನ್ನು ಒಂದೇ ಬೆಳಿಗ್ಗೆ ತೊಳೆದುಬಿಡಬಲ್ಲದು. ಪೈಪನ್ನು ಗೂಟಕ್ಕೆ ನೇತುಹಾಕಿಸಿರಿ. ಇದಕ್ಕೆ ಯಾವ ಖರ್ಚೂ ಇಲ್ಲ.

ನಮ್ಮ ಸಂಘದ ಸದಸ್ಯರಲ್ಲಿ ಎಷ್ಟೋ ಮಂದಿ ತಮ್ಮ ಸೊಸೈಟಿಗಳಲ್ಲಿ ಕಾರ್ಯದರ್ಶಿಗಳು, ಖಜಾಂಚಿಗಳು. ಸೆಪ್ಟೆಂಬರ್ ೩೦ರೊಳಗೆ ನಿಮ್ಮ ವಾರ್ಷಿಕ ಮಹಾಸಭೆ ನಡೆಯಲೇಬೇಕು. ಬಣ್ಣ ಬಳಿಯುವುದು, ಕಾರು ನಿಲ್ಲಿಸುವ ಜಾಗ, ಗಣಪತಿ ಉತ್ಸವದ ಚಂದಾ, ಇವುಗಳ ಮೇಲೆ ಮೂರು ಗಂಟೆ ಜಗಳಾಡುವ ಸಭೆಯಲ್ಲಿ ಈ ವರ್ಷ ಒಂದು ಹೊಸ ಬಾಬು ಸೇರಿಸಿರಿ: ‘ಕುಡಿಯುವ ನೀರಿನ ಕವಾಟ, ಟಾಂಕಿ ಮತ್ತು ಕೊಳವೆಗಳ ವಾರ್ಷಿಕ ತಪಾಸಣೆಯ ವರದಿ ಓದಿ ಅಂಗೀಕರಿಸುವುದು.’ ವರದಿ ಇಲ್ಲವೆಂದು ಕಮಿಟಿ ಹೇಳಿದರೆ, ಇಲ್ಲವೆಂದೇ ನಡಾವಳಿ ಪುಸ್ತಕದಲ್ಲಿ ಬರೆಸಿರಿ. ಮುಂದಿನ ಮಳೆಗಾಲದಲ್ಲಿ ಯಾವುದಾದರೂ ಮನೆಯ ಮಗುವಿನ ಕಣ್ಣು ಹಳದಿಯಾದರೆ, ಪಾನಿಪೂರಿಯವನನ್ನು ದೂರುವ ಮೊದಲು ಆ ಪುಟವನ್ನು ತೆರೆದು ಓದಬೇಕಾಗುತ್ತದೆ.